ಪಾರ್ಕ್ ಕೇಳುವ ಮೊದಲು ಹಳ್ಳ ಎಲ್ಲಿದೆ ನೋಡಿ

ಓದುಗರ ಪ್ರಶ್ನೆ
(ಈ ಸಲ ಉತ್ತರ ಕೊಟ್ಟವರು ಭೂಮಾಪನ ಇಲಾಖೆಯಲ್ಲಿ ಸರ್ವೇಯರ್ ಆಗಿದ್ದು ನಿವೃತ್ತರಾದ ವಿಜಯಪುರದ ಹಿರಿಯರು.)

ಪ್ರಶ್ನೆ: ನಮ್ಮದು ವಿಜಯಪುರದ ಹೊರಗಿನ ಹೊಸ ಲೇಔಟ್. ಜೋರು ಮಳೆ ಬಂದರೆ ನಮ್ಮ ಸಾಲಿನ ಮನೆಗಳ ಅಂಗಳದಲ್ಲಿ ಮೊಣಕಾಲುದ್ದ ನೀರು. ಪಾರ್ಕಿಗೆ ಅಂತ ಬಿಟ್ಟ ಜಾಗ ಮೂಲೆಯಲ್ಲಿ, ದಿಣ್ಣೆ ಮೇಲಿದೆ. ಅಲ್ಲಿ ಒಂದು ಹನಿ ನಿಲ್ಲುವುದಿಲ್ಲ. ಪೇಪರಿನಲ್ಲಿ ‘ಹಸಿರು ಮೂಲಸೌಕರ್ಯ’ ಅಂತ ಬರೆಯುತ್ತಾರೆ. ಅದೇನು? ನಮ್ಮ ಪಾರ್ಕ್ ಅದರಲ್ಲಿ ಬರುತ್ತಾ?
– ಗೃಹಿಣಿ, ವಿಜಯಪುರ

ಉತ್ತರ: ಅಕ್ಕಾರೇ, ಮೊದಲು ನಿಮ್ಮ ಸರ್ವೇ ನಂಬರ್ ಹೇಳಿ. ಲೇಔಟಿನ ಹೆಸರು ಬೇಡ. ಆ ಹೆಸರು ಮೊನ್ನೆ ಬಂದದ್ದು, ನಂಬರ್ ಅಜ್ಜನ ಕಾಲದ್ದು. ಊರಿನ ಗ್ರಾಮ ನಕ್ಷೆ ತೆಗೆದು ಆ ನಂಬರ್ ಹುಡುಕಿ. ನಿಮ್ಮ ಸಾಲಿನ ಮನೆಗಳ ಕೆಳಗೇ ಒಂದು ಹಳ್ಳದ ಗೆರೆ ಹೋಗಿರುತ್ತೆ ಅನ್ನೋದು ನನ್ನ ಗಟ್ಟಿ ಅನುಮಾನ.

ನಮ್ಮ ಕಡೆ ಹಳ್ಳ ಅಂದರೆ ವರ್ಷದಲ್ಲಿ ಹೆಚ್ಚು ದಿನ ಒಣಗಿಯೇ ಇರುತ್ತೆ. ಜಿಲ್ಲೆಯಲ್ಲಿ ವರ್ಷಕ್ಕೆ ಆರುನೂರು ಮಿ.ಮೀ. ಆಸುಪಾಸು ಮಳೆ. ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರಿನಲ್ಲಿ ಒಮ್ಮೆಲೇ ಸುರಿಯುತ್ತೆ. ಜನವರಿಯಲ್ಲಿ ನಿವೇಶನ ನೋಡಲು ಹೋದವರಿಗೆ ಹಳ್ಳ ಕಾಣುವುದು ಜಾಲಿಗಿಡ ಬೆಳೆದ ಸಣ್ಣ ತಗ್ಗಾಗಿ. ನಾಲ್ಕು ಟಿಪ್ಪರ್ ಗರಸು ಹಾಕಿದರೆ ಆ ತಗ್ಗೂ ಇಲ್ಲ. ಮೂವತ್ತು-ನಲವತ್ತರ ಸೈಟುಗಳು ಎದ್ದು ನಿಲ್ಲುತ್ತವೆ. ನೀರಿಗೆ ಮಾತ್ರ ಯಾರೂ ಹೊಸ ನಕ್ಷೆ ಕೊಟ್ಟಿರುವುದಿಲ್ಲ. ಅದು ಹಳೇ ನಕ್ಷೆ ಹಿಡಿದೇ ಬರುತ್ತೆ.

ನನ್ನ ಸೇವೆಯ ಕೊನೆಯ ದಿನಗಳಲ್ಲಿ ಇಂಥದೇ ಒಂದು ಜಾಗ ಅಳೆಯಲು ಹೋಗಿದ್ದೆ. ಹಳೇ ಟಿಪ್ಪಣಿಯಲ್ಲಿ (ಸರ್ವೇ ಅಳತೆಯ ಚಿತ್ರ) ಎರಡು ಗೆರೆ ಎಳೆದ ಹಳ್ಳ, ಅಗಲ ಒಂದು ಸರಪಳಿಗಿಂತ ಜಾಸ್ತಿ. ನಮ್ಮ ಸರಪಳಿ 33 ಅಡಿ. 33 ಅಡಿ ಉದ್ದ, 33 ಅಡಿ ಅಗಲ ಅಂದರೆ ಒಂದು ಗುಂಟೆ, 1089 ಚದರ ಅಡಿ. ಲೇಔಟಿನ ಡ್ರಾಯಿಂಗ್‌ನಲ್ಲಿ ಅದೇ ಹಳ್ಳ ಮೂರು ಅಡಿ ಅಗಲದ ಸಿಮೆಂಟ್ ಗಟಾರ ಆಗಿತ್ತು. ‘ನೀರೆಲ್ಲಿ ಬರ್ತದ್ರೀ ಸಾಹೇಬ್ರ, ಇದು ಬರಗಾಲದ ನಾಡು’ ಅಂದರು ಜಾಗದವರು. ಅದೂ ಖರೆ. ಬರಗಾಲದ ನಾಡಿನಲ್ಲಿ ನೀರು ಬರುವುದು ಅಪರೂಪ. ಬಂದಾಗ ಮಾತ್ರ ಮೂರು ಅಡಿಯಲ್ಲಿ ಹಿಡಿಸುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆ. ರಸ್ತೆ, ಕರೆಂಟು, ನಲ್ಲಿ, ಒಳಚರಂಡಿ ಇವೆಲ್ಲ ಊರಿಗೆ ಬೇಕಾದ ಸೌಕರ್ಯ ಅಲ್ವಾ? ಹಾಗೇ ಹಳ್ಳ, ಕೆರೆ, ಗಾಯರಾಣ (ಊರ ದನ ಮೇಯುವ ಜಾಗ), ಗುಡ್ಡ, ಗಿಡಗಂಟಿ ಇರುವ ಬದು, ಸಾಲುಮರದ ರಸ್ತೆ ಕೂಡ ಸೌಕರ್ಯವೇ. ಹಸಿರು ಮೂಲಸೌಕರ್ಯ ಅನ್ನುವುದು ಇದನ್ನೇ. ಮಳೆನೀರು ತಡೆಯುತ್ತವೆ, ಇಂಗಿಸುತ್ತವೆ, ಬಿಸಿಲಿನ ಝಳ ಇಳಿಸುತ್ತವೆ, ಪ್ರಾಣಿ ಪಕ್ಷಿಗೆ ದಾರಿ ಕೊಡುತ್ತವೆ. ಆದರೆ ಈ ಕೆಲಸ ನಡೆಯಬೇಕಾದರೆ ಅವು ಒಂದಕ್ಕೊಂದು ಕೂಡಿಕೊಂಡಿರಬೇಕು. ಬಿಡಿಬಿಡಿಯಾಗಿ ಬಿಟ್ಟ ಪಾರ್ಕು ಪೈಪ್ ಇಲ್ಲದ ನಲ್ಲಿ ಇದ್ದ ಹಾಗೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದವರು 2001ರಲ್ಲಿ ಶುರು ಮಾಡಿದ ಯೋಜನೆಯಲ್ಲಿ ಇದನ್ನೇ ಮಾಡಿದರು. ಮೊದಲು ಇಡೀ ರಾಜ್ಯದ ದೊಡ್ಡ ಕಾಡು, ಜೌಗು ಪ್ರದೇಶ ಗುರುತಿಸಿದರು. ಆಮೇಲೆ ಅವುಗಳ ನಡುವೆ ಹೊಳೆದಂಡೆ ಹಿಡಿದು ಹೋಗುವ ಪಟ್ಟಿಗಳನ್ನು ಗುರುತಿಸಿದರು. ಯಾವ ಜಾಗ ಮೊದಲು ಉಳಿಸಬೇಕು ಅನ್ನುವುದನ್ನು ಆ ನಕ್ಷೆ ನೋಡಿ ಠರಾಯಿಸಿದರು. ಮನೆ ಎಲ್ಲಿ ಕಟ್ಟಬೇಕು ಅನ್ನುವ ಮಾತಿಗಿಂತ ಮೊದಲು ಎಲ್ಲಿ ಕಟ್ಟಬಾರದು ಅನ್ನುವುದನ್ನು ಬರೆದಿಟ್ಟರು ಅನ್ನಿ.

ನಾವು ಇದನ್ನು ಅಮೆರಿಕದಿಂದ ಕಲಿಯಬೇಕಾ ಅಂತ ಕೇಳಬಹುದು. ಬೇಕಿಲ್ಲ. ಆದಿಲ್‌ಶಾಹಿಗಳು ತೊರವಿ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು ನೀರು ತಂದರು. ದಾರಿಯುದ್ದಕ್ಕೂ ಮೇಲಿನಿಂದ ಬಾವಿಯಂತೆ ಕಿಂಡಿ ಬಿಟ್ಟರು. 1651ರಲ್ಲಿ ಮೊಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ಬೇಗಂ ತಲಾಬ್ ಕೆರೆ ಆಯಿತು. ಅಲ್ಲಿಂದ ಮಣ್ಣಿನ ಕೊಳವೆಯಲ್ಲಿ ನೀರು ಊರೊಳಗೆ ಬರುತ್ತಿತ್ತು, ನಡುನಡುವೆ ನೀರಿನ ಒತ್ತಡ ಇಳಿಸಲು ಕಲ್ಲಿನ ಗಂಜ್ ಗೋಪುರ. ಊರಲ್ಲಿ ತಾಜ್ ಬಾವಡಿ, ಚಾಂದ್ ಬಾವಡಿ ಅನ್ನುವ ಮೆಟ್ಟಿಲು ಬಾವಿಗಳು. ಕೋಟೆ ಸುತ್ತ ಸುಮಾರು ಹತ್ತು ಕಿ.ಮೀ. ಗೋಡೆ, ಅದರ ಹೊರಗೆ ಕಂದಕ. ಎಲ್ಲಿಯ ನೀರು ಎಲ್ಲಿಗೆ ಹೋಗಬೇಕು ಅನ್ನುವ ಲೆಕ್ಕ ಪೂರ್ತಿ ಇತ್ತು. ಈಗ ಬಾವಡಿ ಬೇರೆ ಇಲಾಖೆಗೆ, ಕೆರೆ ಇನ್ನೊಂದಕ್ಕೆ, ಹಳ್ಳ ಯಾರದೂ ಅಲ್ಲ. ತಾಜ್ ಬಾವಡಿ ಹೂಳು ತೆಗೆದಾಗ ನಾವೆಲ್ಲ ಫೋಟೋ ತೆಗೆಸಿಕೊಂಡೆವು. ತೊರವಿ ಸುರಂಗದ ಮೇಲಿನ ಕಿಂಡಿಗಳ ಸಾಲು ಯಾರ್ಯಾರ ಹೊಲದಲ್ಲಿ, ಯಾವ ಬಡಾವಣೆಯಲ್ಲಿ ಹಾದು ಹೋಗುತ್ತೆ ಅಂತ ಕೇಳಿದವರು ಕಡಿಮೆ. ಆ ಸಾಲು ತೆರೆದು ಉಳಿಯಬೇಕು. ಕಂದಕ ಇಡಿಯಾಗಿ ಖಾಲಿ ಸಿಕ್ಕಿದರೆ ಊರಿನ ಸುತ್ತ ಹತ್ತು ಕಿ.ಮೀ. ಹಸಿರು ದಾರಿ ತಾನಾಗಿಯೇ ಆಗುತ್ತೆ. ಇಂಥ ಅನುಕೂಲ ಬೇರೆ ಊರಿಗೆ ದುಡ್ಡು ಕೊಟ್ಟರೂ ಸಿಗಲ್ಲ.

ನಿಮ್ಮ ಮನೆ ವಿಷಯ. ಮುಚ್ಚಿದ ಹಳ್ಳ ಮತ್ತೆ ತೆಗೆಯುವುದು ಆಗದ ಮಾತು ಅಂತ ಎಲ್ಲರೂ ಹೇಳುತ್ತಾರೆ. ಬಾಸ್ಟನ್ ಊರಿನ ಕಥೆ ಕೇಳಿ. 1878ರ ನಂತರ ಫ್ರೆಡರಿಕ್ ಓಲ್ಮ್‌ಸ್ಟೆಡ್ ಎಂಬಾತ ಅಲ್ಲಿ ಪಾರ್ಕುಗಳನ್ನು ಒಂದಕ್ಕೊಂದು ಜೋಡಿಸಿದ. ಮಡ್ಡಿ ರಿವರ್ ಅನ್ನುವ ಹಳ್ಳ ಅವುಗಳ ನಡುವೆ ಹರಿಯುತ್ತಿತ್ತು. 1950ರ ದಶಕದಲ್ಲಿ ಅದರ ಒಂದು ತುಂಡನ್ನು ಪೈಪಿಗೆ ಹಾಕಿ ಮೇಲೆ ಕಾರು ನಿಲ್ಲಿಸುವ ಜಾಗ ಮಾಡಿದರು. 1996ರಲ್ಲಿ ಪ್ರವಾಹ ಬಂದು ನೆಲದಡಿಯ ರೈಲು ನಿಲ್ದಾಣಕ್ಕೇ ನೀರು ನುಗ್ಗಿತು. ಆಮೇಲೆ ಕೋಟಿಗಟ್ಟಲೆ ಡಾಲರ್ ಸುರಿದು ಆ ಪೈಪು ಕಿತ್ತು ಹಳ್ಳವನ್ನು ಮತ್ತೆ ಬಯಲಿಗೆ ತಂದರು. ನಾವು ಮುಚ್ಚುವ ಮೊದಲೇ ಸುಮ್ನೆ ಬಿಟ್ಟರೆ ಆ ಖರ್ಚು ಇಲ್ಲ ಅಂತ ಹೇಳಿದೆ, ಅಷ್ಟೇ.

ನಿಮ್ಮ ಬಡಾವಣೆಯವರು ಒಟ್ಟಾಗಿ ಮೂರು ಕಾಗದ ತೆಗೆಸಿ: ಗ್ರಾಮ ನಕ್ಷೆ, ಆ ಸರ್ವೇ ನಂಬರಿನ ಆಕಾರಬಂದ್ (ವಿಸ್ತೀರ್ಣ, ಕಂದಾಯ ಬರೆದಿಟ್ಟ ದಾಖಲೆ), ಮಂಜೂರಾದ ಲೇಔಟ್ ನಕ್ಷೆ. ಆಕಾರಬಂದ್‌ನಲ್ಲಿ ‘ಬ ಖರಾಬು’ ಎಷ್ಟು ಗುಂಟೆ ಇದೆ ನೋಡಿ. ‘ಅ ಖರಾಬು’ ಅಂದರೆ ಕಲ್ಲುಬಂಡೆಯ, ಬಿತ್ತಲು ಬಾರದ ನೆಲ. ಅದು ಹೊಲದವನದೇ. ‘ಬ ಖರಾಬು’ ಅಂದರೆ ಹಳ್ಳ, ದಾರಿ, ಕೆರೆಯಂಥದ್ದು. ಅದು ಎಲ್ಲರದು, ಅದಕ್ಕೆ ಕಂದಾಯ ಹಾಕಿಲ್ಲ, ಅದನ್ನು ಸೈಟ್ ಮಾಡಿ ಮಾರುವ ಹಕ್ಕು ಯಾರಿಗೂ ಇಲ್ಲ. ಬ ಖರಾಬು ಇದ್ದೂ ಲೇಔಟ್ ನಕ್ಷೆಯಲ್ಲಿ ಹಳ್ಳ ಕಾಣದಿದ್ದರೆ ಹದ್ದುಬಸ್ತಿಗೆ, ಅಂದರೆ ಅಳೆದು ಗಡಿ ಗುರುತಿಸಿಕೊಡಲು, ಅರ್ಜಿ ಹಾಕಿ. ಪಾರ್ಕಿನ ದಿಣ್ಣೆಯನ್ನು ಮಾತ್ರ ಬಿಟ್ಟುಕೊಡಬೇಡಿ. ಕಂಪೌಂಡಿನ ಕೆಳಗೆ ಕಿಂಡಿ ಬಿಡಿಸಿ, ನಡುವೆ ನೆಲ ತಗ್ಗು ಮಾಡಿಸಿ, ಮೇಲಿನ ರಸ್ತೆಯ ನೀರಾದರೂ ಅಲ್ಲಿ ಇಂಗಲಿ. ಪಾರ್ಕಿಗೆ ಅಂತ ಬಿಟ್ಟ ಜಾಗ ಬೇರೆಯದಕ್ಕೆ ಕೊಡಲು ಬರುವುದಿಲ್ಲ. ಬೆಂಗಳೂರಿನಲ್ಲಿ ಪಾರ್ಕಿನ ಜಾಗವನ್ನು ನರ್ಸಿಂಗ್ ಹೋಂಗೆ ಕೊಟ್ಟಾಗ ಅಕ್ಕಪಕ್ಕದ ನಿವಾಸಿಗಳು ಕೋರ್ಟಿಗೆ ಹೋದರು, 1991ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ಹೇಳಿತು.

ಪ್ರಶ್ನೆ: ಮನೆ ಮುಂದೆ ಯಾವ ಗಿಡ ಹಚ್ಚಲಿ ಸರ್? ನೆರಳೂ ಬೇಕು, ಕರೆಂಟ್ ವೈರಿಗೂ ತಾಗಬಾರದು.
– ಅಂಗಡಿಕಾರರು, ಇಂಡಿ

ಉತ್ತರ: ವೈರಿಲ್ಲದ ಬದಿಗೆ ಬೇವು, ವೈರಿರುವ ಬದಿಗೆ ಹೊಂಗೆ, ಹೊಂಗೆಯ ಕೊಂಬೆ ಸವರುತ್ತಿರಿ. ಬುಡದ ಸುತ್ತ ಸಿಮೆಂಟ್ ಹಾಕಬೇಡಿ, ಗಿಡಕ್ಕೂ ನೀರು ಕುಡಿಯಲು ಬಾಯಿ ಬೇಕು.

ಪ್ರಶ್ನೆ: ನನ್ನ ಹೊಲ ಡೋಣಿ ಹೊಳೆಯ ದಂಡೆಯಲ್ಲಿದೆ. ದಂಡೆಯ ಜಾಲಿ ಕಡಿದು ಒಂದಿಷ್ಟು ಜಾಗ ಸಾಗುವಳಿ ಮಾಡಿದ್ದೆ. ಈಗ ಅದು ಖರಾಬು ಅಂತ ಹೇಳುತ್ತಿದ್ದಾರೆ. ಪಟ್ಟಣದವರ ಪಾರ್ಕಿಗೆ, ಹಸಿರಿಗೆ ನಾವು ರೈತರು ಯಾಕೆ ನೆಲ ಬಿಡಬೇಕು?
– ರೈತರು, ತಾಳಿಕೋಟೆ ತಾಲ್ಲೂಕು

ಉತ್ತರ: ಯಜಮಾನ್ರೇ, ಕೇಳಿದ್ದು ಸರಿ ಇದೆ. ಉತ್ತರ ಕಹಿಯಾದರೆ ಬೇಜಾರು ಮಾಡಿಕೊಳ್ಳಬೇಡಿ.

‘ಡೋಣಿ ಹರಿದರೆ ಓಣೆಲ್ಲ ಕಾಳು’ ಅನ್ನೋದು ನಿಮ್ಮದೇ ಮಾತು. ಡೋಣಿ ಹೊಳೆ ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ ಹುಟ್ಟಿ ನಮ್ಮ ಜಿಲ್ಲೆಯ ಎರಿ ಹೊಲಗಳ ನಡುವೆ ಹಾದು ಕೃಷ್ಣೆ ಸೇರುತ್ತೆ. ಓಣಿಗೆ ಕಾಳು ತಂದದ್ದು ಹೊಳೆ ಹರಡಿಕೊಂಡು ಬಿಟ್ಟುಹೋದ ಮಣ್ಣು. ಹರಡಿಕೊಳ್ಳಲು ಜಾಗ ಇದ್ದಾಗ ಆ ಮಾತು ನಿಜ ಇತ್ತು. ಈಗ ಪಾತ್ರದಲ್ಲಿ ಹೂಳು, ಎರಡೂ ದಂಡೆಯಲ್ಲಿ ನೇಗಿಲು, ಹೂಳಿನಲ್ಲಿ ಬೇರು ಬಿಟ್ಟ ಬಳ್ಳಾರಿ ಜಾಲಿ. ಮಳೆ ಬಂತೆಂದರೆ ತಾಳಿಕೋಟೆ ಹತ್ತಿರ ಸೇತುವೆ ಮುಳುಗಿದ ಸುದ್ದಿ ಬರುತ್ತೆ. ದಂಡೆ ತಿಂದ ಹೊಳೆ ನಿಮ್ಮ ಹೊಲಕ್ಕೇ ಬರುತ್ತೆ, ಪಟ್ಟಣದ ಪಾರ್ಕಿಗೆ ಬರಲ್ಲ. ಹಾಗಾಗಿ ದಂಡೆಯ ಪಟ್ಟಿ ಪಟ್ಟಣದವರಿಗಾಗಿ ಬಿಡುವುದಲ್ಲ. ಅದು ಮೊದಲು ನಿಮ್ಮ ಹೊಲದ ಕಾವಲು.

ಹಾಗಂತ ನಿಮ್ಮ ಸಿಟ್ಟನ್ನು ನಾನು ತಳ್ಳಿಹಾಕಲ್ಲ. ಊರ ಗಾಯರಾಣದಲ್ಲಿ ದೊಡ್ಡವರು ನಾಲ್ಕು ಎಕರೆ ಹೊಡೆದುಕೊಂಡರೆ ಕಣ್ಣು ಮುಚ್ಚುವ ವ್ಯವಸ್ಥೆ, ಸಣ್ಣವನ ಅರ್ಧ ಎಕರೆಗೆ ಮಾತ್ರ ನೋಟಿಸ್ ಕೊಟ್ಟರೆ ಯಾರಿಗೆ ಸಿಟ್ಟು ಬರಲ್ಲ? 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಊರಿನ ಕೆರೆ, ಹುಲ್ಲುಗಾವಲು ಒತ್ತುವರಿ ತೆರವು ಮಾಡಿ ಊರಿಗೇ ಮರಳಿ ಕೊಡಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿದೆ. ಅದರಲ್ಲಿ ದೊಡ್ಡವರಿಗೆ ರಿಯಾಯಿತಿ ಅಂತ ಬರೆದಿಲ್ಲ. ಅದನ್ನು ಗ್ರಾಮ ಸಭೆಯಲ್ಲಿ ಎತ್ತಿ. ಮೊದಲು ಗಾಯರಾಣ ಅಳೆಯಲಿ, ಆಮೇಲೆ ನಮ್ಮ ದಂಡೆ ಅಂತ ಕೇಳಿ. ನ್ಯಾಯವಾದ ಮಾತು.

ಬಿಟ್ಟ ಪಟ್ಟಿ ಬರಿದಾಗಿ ಬಿಡಬೇಡಿ. ಹೊಳೆಗೆ ಹತ್ತಿದ ಸಾಲಿಗೆ ಲಾವಂಚ ಹಚ್ಚಿ, ಬೇರು ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತೆ. ಅದರ ಹಿಂದೆ ಹೊಂಗೆ, ಕರಿಜಾಲಿ, ಬನ್ನಿ. ನಡುವೆ ದನಕ್ಕೆ ಹುಲ್ಲು. ಬನ್ನಿ ಸೊಪ್ಪು ಆಡು ಕುರಿಗೂ ಆಗುತ್ತೆ. ಆ ಪಟ್ಟಿ ಮೇಲಿನ ಹೊಲದಿಂದ ಕೆಳಗಿನ ಹೊಲದವರೆಗೆ ಕಡಿಯದೇ ಹೋದರೆ ಚಿಗರಿಗೂ (ಜಿಂಕೆ) ದಾರಿ. ಚಿಗರಿ ಬೆಳೆ ತಿನ್ನುತ್ತೆ ಅಂತ ನೀವು ಹೇಳುವುದು ನನಗೆ ಈಗಲೇ ಕೇಳಿಸುತ್ತಿದೆ. ತಿನ್ನುತ್ತೆ. ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಡುವಾಗ ಉತಾರದ (ಪಹಣಿ) ಜೊತೆ ಹಾನಿಯ ಫೋಟೋ ಇರಲಿ.

ಪ್ರಶ್ನೆ: ನಮ್ಮ ಜಿಲ್ಲೆಯಲ್ಲಿ ಯಡಹಳ್ಳಿ ಚಿಂಕಾರ ವನ್ಯಧಾಮ ಇದೆ. ಅಷ್ಟು ದೊಡ್ಡ ಜಾಗ ಕೊಟ್ಟ ಮೇಲೂ ಹೊರಗಿನ ಗುಡ್ಡ, ಗಾಯರಾಣ ಬೇಕು ಅಂತಾರಲ್ಲ, ಯಾಕೆ ಅಂತ ಮಕ್ಕಳು ಕೇಳಿದರು.
– ಶಿಕ್ಷಕಿ, ನವನಗರ, ಬಾಗಲಕೋಟೆ

ಉತ್ತರ: ಟೀಚರ್, ಯಡಹಳ್ಳಿ 2016ರಲ್ಲಿ ವನ್ಯಧಾಮ ಆಯಿತು. ವಿಸ್ತೀರ್ಣ ಸುಮಾರು 96 ಚದರ ಕಿ.ಮೀ. ಕಾಗದದಲ್ಲಿ ದೊಡ್ಡದು. ಬೀಳಗಿ, ಮುಧೋಳ ಕಡೆಯ ನಕ್ಷೆ ಮಕ್ಕಳ ಮುಂದೆ ಹರಡಿ ಅದರ ಸುತ್ತ ಏನಿದೆ ಗುರುತಿಸಲು ಹೇಳಿ. ಕಬ್ಬಿನ ಹೊಲ, ಕಾಲುವೆ, ರಸ್ತೆ. ಚಿಂಕಾರ ಅಂದರೆ ಸಣ್ಣ ಜಾತಿಯ ಜಿಂಕೆ, ಅದಕ್ಕೆ ಕುರುಚಲು ಗಿಡದ ಒಣ ಬಯಲು ಬೇಕು, ಕಬ್ಬಿನ ಗದ್ದೆಯಲ್ಲಿ ಅದರ ಬಾಳು ನಡೆಯಲ್ಲ. ಎಲ್ಲ ಕಡೆ ಮುಚ್ಚಿಕೊಂಡರೆ ಆ ಹಿಂಡು ಅಲ್ಲೇ ಹುಟ್ಟಿ ಅಲ್ಲೇ ಬೆರೆತು ಅಲ್ಲೇ ಸಾಯಬೇಕು. ಒಂದು ರೋಗ ಬಂತೋ, ಸತತ ಎರಡು ಬರ ಬಂತೋ, ಹೊರಗಿನಿಂದ ಹೊಸ ಪ್ರಾಣಿ ಬಂದು ಸೇರುವ ದಾರಿ ಇಲ್ಲ. ಅದಕ್ಕೇ ಹೊರಗಿನ ಗುಡ್ಡ ಬೇಕು. ತೋಳಕ್ಕೂ ಇದೇ ಲೆಕ್ಕ, ಅದಂತೂ ಒಂದು ರಾತ್ರಿಯಲ್ಲಿ ಎಷ್ಟೋ ಹಳ್ಳಿ ದಾಟುತ್ತೆ.

ಇನ್ನೊಂದು ಸಂಗತಿ. ಕುರುಚಲು ಗುಡ್ಡ ನೋಡಿ ‘ಬೋಳಾಗಿದೆ, ಗಿಡ ಹಚ್ಚೋಣ’ ಅಂತ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ನಮ್ಮ ವಿಜಯಪುರದಲ್ಲಿ ಕೋಟಿ ವೃಕ್ಷ ಅಭಿಯಾನ ನಡೆದಾಗಿನಿಂದ ರಸ್ತೆಬದಿ, ಶಾಲೆ, ಕಾಲುವೆ ಪಕ್ಕ ಹಸಿರು ಜಾಸ್ತಿ ಆಗಿದೆ, ಅದು ಸಂತೋಷದ ಮಾತು. ಆದರೆ ಹುಲ್ಲು-ಕುರುಚಲಿನ ಬಯಲು ಅದಾಗಲೇ ಪೂರ್ತಿ ಜೀವ ಇರುವ ಜಾಗ. ಅಲ್ಲಿ ಒತ್ತಾಗಿ ಗಿಡ ತುಂಬಿದರೆ ಚಿಂಕಾರಕ್ಕೆ ಓಡುವ ಜಾಗ ಹೋಗುತ್ತೆ.

ಪ್ರಶ್ನೆ: ಬೆಳಗಾವಿಗೆ ಈ ತೊಂದರೆ ಇಲ್ಲವಲ್ಲ? ನಮ್ಮಲ್ಲಿ ಕಂಟೋನ್ಮೆಂಟ್ ಇದೆ, ವ್ಯಾಕ್ಸಿನ್ ಡಿಪೋ ಇದೆ, ಕೋಟೆ ಕೆರೆ ಇದೆ. ಮಳೆಯೂ ಸಾಕಷ್ಟು.
– ವಕೀಲರು, ಟಿಳಕವಾಡಿ, ಬೆಳಗಾವಿ

ಉತ್ತರ: ವಕೀಲ ಸಾಹೇಬ್ರೇ, ನೀವು ಹೇಳಿದ ಮೂರೂ ಜಾಗ ಬಂಗಾರದಂಥವು. ವಿಜಯಪುರದವನಿಗೆ ವ್ಯಾಕ್ಸಿನ್ ಡಿಪೋದ ಮರ ನೋಡಿದರೆ ಹೊಟ್ಟೆಕಿಚ್ಚು ಆಗುವುದು ಸಹಜ. ಆದರೆ ನೀವು ಹೆಸರು ಹೇಳದ ಜಾಗವೇ ನಿಮ್ಮ ಊರನ್ನು ಉಳಿಸುತ್ತಿರುವುದು. ಶಹಾಪುರ, ವಡಗಾವ, ಯಳ್ಳೂರ ರಸ್ತೆಯ ಕಡೆ ಭತ್ತದ ಗದ್ದೆಗಳಿವೆಯಲ್ಲ, ಬಳ್ಳಾರಿ ನಾಲಾದ ಅಕ್ಕಪಕ್ಕ. ಮಳೆಗಾಲದಲ್ಲಿ ನಾಲಾ ಉಕ್ಕಿ ಆ ಗದ್ದೆ ತುಂಬುತ್ತೆ. ರೈತರ ಬೆಳೆ ಹೋಗುತ್ತೆ, ಅದು ಅನ್ಯಾಯವೇ. ಆ ಗದ್ದೆಗಳು ಅಲ್ಲಿ ಇಲ್ಲದಿದ್ದರೆ ಅದೇ ನೀರು ಯಾರ ಮನೆಗೆ ಹೋಗುತ್ತಿತ್ತು ಅಂತ ಲೆಕ್ಕ ಹಾಕಿ.

ಬಯಲು ಅಂದರೆ ಬೆಂಚು, ಲಾನು, ಕಾರಂಜಿ ಇರುವ ಜಾಗ ಮಾತ್ರ ಅಂತ ನಾವು ತಿಳಿದಿದ್ದೇವೆ. ಊರಂಚಿನ ಗದ್ದೆಯೂ ಬಯಲೇ. ಬೆಳಗಾವಿ ಬಾಸುಮತಿ ಬೆಳೆಯುವ ಮಣ್ಣು ಒಮ್ಮೆ ಮುರುಮ್ ಬಿದ್ದು ಮುಚ್ಚಿತು ಅಂದರೆ ಮುಗಿಯಿತು.

ನಿಮ್ಮಂಥವರು ಮಾಡಬೇಕಾದ ಕೆಲಸ ಇಲ್ಲಿದೆ. ಮಹಾಯೋಜನೆಯಲ್ಲಿ (ನಗರದ ಮಾಸ್ಟರ್ ಪ್ಲಾನ್) ಗದ್ದೆಗೆ ಹಸಿರು ಬಣ್ಣ ಬಳಿಯುವುದು ಸುಲಭ. ಬಣ್ಣ ಬಳಿದ ದಿನ ಆ ರೈತನ ನೆಲದ ಬೆಲೆ ಬೀಳುತ್ತೆ, ರಸ್ತೆ ಆಚೆಯವನ ಬೆಲೆ ಏರುತ್ತೆ. ಊರಿನ ನೀರು ಹಿಡಿದುಕೊಳ್ಳುವವನಿಗೆ ಊರು ಏನಾದರೂ ಕೊಡಬೇಡವಾ? ಬೆಳೆ ಮುಳುಗಿದ ವರ್ಷ ಪರಿಹಾರ ಕೂಡಲೇ ಸಿಗುವಂತೆ ಮಾಡುವುದೋ, ಅಭಿವೃದ್ಧಿ ಹಕ್ಕು ವರ್ಗಾವಣೆ (ಟಿಡಿಆರ್, ಅಂದರೆ ತನ್ನ ನೆಲದಲ್ಲಿ ಕಟ್ಟದೆ ಬಿಟ್ಟ ಹಕ್ಕನ್ನು ಬೇರೆ ಕಡೆ ಕಟ್ಟುವವರಿಗೆ ಮಾರುವ ಅವಕಾಶ) ಕೊಡುವುದೋ, ದಾರಿ ಹುಡುಕಿ. ನಮ್ಮ ನಗರ ಯೋಜನಾ ಕಾಯ್ದೆಯಲ್ಲಿ ಟಿಡಿಆರ್‌ಗೆ ಜಾಗ ಇದೆ. ಅದನ್ನು ರಸ್ತೆ ಅಗಲ ಮಾಡಲು ಮಾತ್ರ ಬಳಸುವ ಅಭ್ಯಾಸ ಬಿಟ್ಟರೆ ಒಳ್ಳೆಯದು. ಮಹಾಯೋಜನೆಯ ಕರಡು ಬಂದಾಗ ಆಕ್ಷೇಪಣೆಗೆ ಅವಧಿ ಕೊಡುತ್ತಾರೆ. ಆಗ ರೈತರ ಪರವಾಗಿ ಒಂದು ಕಾಗದ ಬರೆದುಕೊಡಿ, ಫೀ ಇಲ್ಲದೆ.

ಪ್ರಶ್ನೆ: ಕೆರೆಯಿಂದ ಎಷ್ಟು ದೂರ ಮನೆ ಕಟ್ಟಬಹುದು?
– ಸಿಂದಗಿ

ಉತ್ತರ: ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ 2014ರಲ್ಲಿ ಬಂದಾಗ ಕೆರೆಯ ಅಂಚಿನಿಂದ 30 ಮೀಟರ್ ಬಿಡಬೇಕು ಅಂತ ಇತ್ತು. ಆಮೇಲೆ ಕೆರೆಯ ಅಳತೆ ನೋಡಿ ಅದನ್ನು ಸಡಿಲಿಸುವ ಪ್ರಯತ್ನವೂ ನಡೆದಿದೆ. ಈಗಿನ ನಿಯಮ ಏನು ಅಂತ ಕಟ್ಟುವ ಮೊದಲು ಬರಹದಲ್ಲಿ ಕೇಳಿ ಪಡೆಯಿರಿ. ನನ್ನ ಅಭಿಪ್ರಾಯ ಬೇಕಿದ್ದರೆ, 30 ಮೀಟರ್ ಕಡಿಮೆಯೇ ಆಯಿತು. ಅಂಚಿನ ಜೊತೆಗೆ ಕೆರೆಗೆ ನೀರು ತರುವ ಹಳ್ಳವನ್ನೂ, ಕೋಡಿ ಬಿದ್ದ ನೀರು ಹೋಗುವ ಹಳ್ಳವನ್ನೂ ಬಿಡಬೇಕು. ಕೃಷ್ಣೆಯ ನೀರು ಪಂಪ್ ಮಾಡಿ ನಮ್ಮ ಜಿಲ್ಲೆಯ ಕೆರೆ ತುಂಬಿಸುತ್ತಿದ್ದಾರೆ, ಬಾವಿಗಳಲ್ಲಿ ನೀರು ಮೇಲೆ ಬಂದಿದೆ. ಮೇಲಿನ ಕೆರೆಗೂ ಕೆಳಗಿನ ಕೆರೆಗೂ ನಡುವೆ ಹಳ್ಳ ಮುಚ್ಚಿದ್ದರೆ ಪ್ರತಿ ಕೆರೆಗೂ ಬೇರೆ ಪೈಪು, ಬೇರೆ ಕರೆಂಟ್ ಬಿಲ್ಲು.

ಪ್ರಶ್ನೆ: ನಾನು ಪಿಯುಸಿ ಓದುತ್ತಿದ್ದೇನೆ. ನಮ್ಮೂರಿನ ಹಳ್ಳ, ಬಂಡಿದಾರಿ, ಗಾಯರಾಣ ಎಲ್ಲ ಸೇರಿಸಿ ಒಂದು ನಕ್ಷೆ ಮಾಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?
– ವಿದ್ಯಾರ್ಥಿ, ಬಬಲೇಶ್ವರ ತಾಲ್ಲೂಕು

ಉತ್ತರ: ಶಾಬಾಸ್ ತಮ್ಮಾ. ಕಂದಾಯ ಇಲಾಖೆಯ ಭೂದಾಖಲೆ ಜಾಲತಾಣದಲ್ಲಿ ನಿಮ್ಮೂರ ಗ್ರಾಮ ನಕ್ಷೆ ಸಿಗುತ್ತೆ, ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸು. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೋ. ನೀನು ನಿಂತ ಜಾಗದ ಸರ್ವೇ ನಂಬರ್ ಅದು ತೋರಿಸುತ್ತೆ. ಅಳತೆಗೆ ಅದನ್ನು ನಂಬಬೇಡ, ಜಾಗ ಗೊತ್ತಾಗಲು ಸಾಕು. ಆಮೇಲೆ ನಿಮ್ಮ ಊರಿನ ಒಬ್ಬ ಕುರಿಗಾಹಿ ಅಜ್ಜನನ್ನು ಹಿಡಿ. ಅವರಿಗೆ ಗೊತ್ತಿರುವ ದಾರಿ ನಕ್ಷೆಯಲ್ಲೂ ಇರಲ್ಲ. ಮಳೆ ನಿಂತ ಮರುದಿನ ಅವರ ಜೊತೆ ಹಳ್ಳದ ಗುಂಟ ನಡೆ. ನೀರು ಹರಿದ ಗುರುತಿಗೆ ನೀಲಿ, ಹಸಿರು ಉಳಿದ ಬದುವಿಗೆ ಹಸಿರು, ಕಡಿದು ಹೋದ ಕಡೆ ಕೆಂಪು ಪೆನ್ಸಿಲ್. ಕೆಂಪು ಬಿದ್ದ ಜಾಗಗಳ ಸರ್ವೇ ನಂಬರ್ ಬರೆದಿಡು. ಮೊದಲು ಸರಿ ಮಾಡಬೇಕಾದ ಜಾಗ ಅವೇ. ನಿಮ್ಮ ಕಡೆ ಮಮದಾಪುರ ಕೆರೆ, ಕಾಡು ಇವೆ, ನಿಮ್ಮ ಹಳ್ಳ ಅದರ ಕಡೆ ಹೋಗುತ್ತಾ, ಬೇರೆ ಕಡೆ ಹೋಗುತ್ತಾ ನೋಡು. ಪಕ್ಕದ ಊರಿನ ನಕ್ಷೆಯೂ ಬೇಕಾಗುತ್ತೆ, ಯಾಕೆಂದರೆ ಹಳ್ಳಕ್ಕೆ ಪಂಚಾಯಿತಿ ಗಡಿ ಗೊತ್ತಿಲ್ಲ.

ನಕ್ಷೆ ತಯಾರಾದ ಮೇಲೆ ಗೋಡೆಗೆ ಹಚ್ಚಿ ಬಿಡಬೇಡ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅವರ ಹತ್ತಿರ ಜನತಾ ಜೀವವೈವಿಧ್ಯ ದಾಖಲೆ ಇರಬೇಕು. ನಿನ್ನ ನಕ್ಷೆಯ ಒಂದು ಪ್ರತಿ ಅದರಲ್ಲಿ ಸೇರಿಸಲು ಪಿಡಿಒಗೆ ಅರ್ಜಿ ಕೊಡು, ಸ್ವೀಕೃತಿ ತೆಗೆದುಕೋ. ಹಳ್ಳದ ಹದ್ದುಬಸ್ತು ಮಾಡಿಸಲು ತಹಶೀಲ್ದಾರರಿಗೆ ಬೇರೆ ಅರ್ಜಿ. ಅದರ ಕೆಳಗೆ ನಿನ್ನೊಬ್ಬನ ಸಹಿ ಬೇಡ. ಹಳ್ಳದ ಎರಡೂ ದಂಡೆಯ ಹೊಲದವರ ಸಹಿ ಹಾಕಿಸು. ಒಂದೇ ಬದಿಯ ಸಹಿ ಇದ್ದರೆ ಇದು ಬದುವಿನ ಜಗಳ ಅಂತ ಫೈಲ್ ಕಟ್ಟಿ ಮೂಲೆಗಿಡುತ್ತಾರೆ.